ಸಾಕ್ಷಿಯಮ್ಮನಿಗೆ ಮದುವೆಯಾಗಿಲ್ಲವಂತೆ

ವಿವಾಹ ನೋಂದಣಿ ಕಚೇರಿಯ ಎದುರಿಗೆ, ಮೂರಂತಸ್ತಿನ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಷ್ಟು ಜಾಗದಲ್ಲಿ ಅವಳ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವ ದರ್ಜಿ ಅವಳಲ್ಲ. ಬೇರೆಯವರು ಹೊಲಿದು ಕೆಡಿಸಿದ್ದನ್ನು, ಹೊಟ್ಟೆ ಬೆಳೆದು ಬಿಗಿಯಾದದ್ದನ್ನು, ಕಾಯಿಲೆ ಬಿದ್ದು ಸಡಿಲವಾದದ್ದನ್ನು ಸರಿಮಾಡಿ ಕೊಡುವುದು ಅವಳ ಕಸುಬು. ಪ್ಯಾಂಟಿನ ಸೊಂಟ ನೋಡಿ ಮನೆಯ ಯೋಗಕ್ಷೇಮ ಹೇಳಿಬಿಡುತ್ತಿದ್ದಳು. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಸಾಕ್ಷಿಯಮ್ಮ.

ಆ ಹೆಸರು ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಶುಕ್ರವಾರ. ಎದುರಿನ ಕಚೇರಿ ಬಾಗಿಲು ಹಾಕಲು ಹತ್ತು ನಿಮಿಷವಿತ್ತು. ಮದುವೆಯಾಗಲು ಬಂದಿದ್ದ ಹುಡುಗಿಯೊಬ್ಬಳು ರಸ್ತೆ ದಾಟಿ ಓಡಿಬಂದು, "ಅಮ್ಮಾ, ಒಬ್ಬ ಸಾಕ್ಷಿ ಕೈ ಕೊಟ್ಟುಬಿಟ್ಟ. ನೀವು ಬಂದು ಒಂದು ಸಹಿ ಹಾಕ್ತೀರಾ?" ಎಂದು ಕೇಳಿದಳು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಇವಳಿಗೆ ಮಾತಾಡಲಾಗಲಿಲ್ಲ. ಆಗೋದಿಲ್ಲ ಎಂದು ತಲೆಯಾಡಿಸಿದಳು. ಹುಡುಗಿ ಅದನ್ನು ಹೂಂ ಎಂದುಕೊಂಡು ಕೈಹಿಡಿದು ಎಳೆದೊಯ್ದಳು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೋಗಿ ಸಹಿ ಹಾಕಿ ಬಂದದ್ದಾಯಿತು.

ಸಹಿ ಹಾಕಿದ ಮೇಲೆ ಗಮನಿಸಿದಳು, ಗೆರೆಯ ಮೇಲೆ ಸಣ್ಣಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಇವರಿಬ್ಬರನ್ನೂ ನಾನು ಚೆನ್ನಾಗಿ ಬಲ್ಲೆ.' ಬಲ್ಲೆ ಎಲ್ಲಿಂದ ಬಂತು? ಹುಡುಗನ ಮುಖವನ್ನೂ ಅವಳು ಸರಿಯಾಗಿ ನೋಡಿರಲಿಲ್ಲ. ಸರ್ಕಾರದ ಕಾಗದದ ಮೇಲೆ ಹಸಿ ಸುಳ್ಳಿಗೆ ಸಹಿ ಹಾಕಿದೆನಲ್ಲ ಎಂದು ನಾಲ್ಕು ದಿನ ಮನಸ್ಸಿಗೆ ಮುಳ್ಳು ಚುಚ್ಚಿದಂತಾಗಿತ್ತು. ಅಷ್ಟರಲ್ಲಿ ಸುದ್ದಿ ಹರಡಿ, ಸಾಕ್ಷಿ ಇಲ್ಲದವರೆಲ್ಲ ಮೆಟ್ಟಿಲ ಕೆಳಗಿನ ಅಂಗಡಿಗೆ ಬರತೊಡಗಿದರು. ಇಲ್ಲವೆನ್ನುವ ಜಾಯಮಾನ ಅವಳದಲ್ಲ, ಸುಳ್ಳು ಹೇಳುವುದೂ ಬೇಡ. ಹಾಗಾಗಿ ಹತ್ತು ನಿಮಿಷದಲ್ಲಿ ಇಬ್ಬರನ್ನು 'ಚೆನ್ನಾಗಿ ಬಲ್ಲ'ವಳಾಗುವ ದಾರಿಯೊಂದನ್ನು ಅವಳೇ ಹುಡುಕಿಕೊಂಡಳು.

ಅಂಗಡಿಯಲ್ಲಿ ಐದು ಗಜದ ಹಳೆಯ ಪರದೆ ಬಟ್ಟೆಯೊಂದಿತ್ತು. ಬಂದ ಜೋಡಿಯ ಕೈಗೆ ಅದರ ತುದಿಗಳನ್ನು ಕೊಟ್ಟು, "ಮಾತಾಡಿಕೊಳ್ಳದೆ ಎಂಟು ಮಡಿಕೆ ಮಾಡಿ" ಎನ್ನುತ್ತಿದ್ದಳು. ಯಾರು ಎಳೆಯುತ್ತಾರೆ, ಯಾರು ಬಿಟ್ಟುಕೊಡುತ್ತಾರೆ, ಅಂಚು ಕೂಡದಿದ್ದರೆ ಯಾರು ಯಾರ ಮುಖ ನೋಡುತ್ತಾರೆ, ಎಲ್ಲ ಅಲ್ಲೇ ಕಾಣುತ್ತಿತ್ತು. ಎಪ್ಪತ್ತು ದಾಟಿದ ಅಜ್ಜ ಅಜ್ಜಿ ಇಬ್ಬರು ನಗುತ್ತಾ ನಗುತ್ತಾ ಬಟ್ಟೆಯನ್ನು ಮೂರು ಸಲ ನೆಲಕ್ಕೆ ಬೀಳಿಸಿದ್ದರು. ಅವರಿಗೆ ಖುಷಿಯಿಂದ ಸಹಿ ಹಾಕಿದಳು. ಇನ್ನೊಬ್ಬ, "ನೀನು ಸುಮ್ನಿರು, ನಿನಗೆ ಬರಲ್ಲ" ಎಂದು ಹುಡುಗಿಯನ್ನು ಪಕ್ಕಕ್ಕೆ ಸರಿಸಿ ತಾನೊಬ್ಬನೇ ಮಡಿಸಿಟ್ಟಿದ್ದ. ಅಂಚಿಗೆ ಅಂಚು ಕೂಡಿತ್ತು, ಒಂದು ಸುಕ್ಕೂ ಇರಲಿಲ್ಲ. ಸಾಕ್ಷಿಯಮ್ಮ, "ನನಗೆ ಕೈನೋವು" ಎಂದು ಪೆನ್ನು ಮುಟ್ಟಲಿಲ್ಲ.

ಎರಡನೆಯ ಸಾಕ್ಷಿಯಾಗಿ ಪಕ್ಕದ ಬೀಗದಣ್ಣ ಯಾವಾಗಲೂ ಸಿದ್ಧ. ಗೋಡೆಗೆ ಅಂಟಿಕೊಂಡ ಅಲಮಾರಿಯಷ್ಟು ಅಗಲದ ಅಂಗಡಿಯಲ್ಲಿ ಅವನು ಬೀಗ ರಿಪೇರಿ ಮಾಡುತ್ತಾ, ಕೀಲಿಕೈಗಳನ್ನು ಅರದಿಂದ ಉಜ್ಜುತ್ತಾ ಕೂತಿರುತ್ತಿದ್ದ. ನಲವತ್ತೈದರ ಆಸುಪಾಸು, ಮಾತು ಕಡಿಮೆ, ನಾಚಿಕೆ ಜಾಸ್ತಿ. ಸಾಕ್ಷಿಯಮ್ಮ ಗೋಡೆಗೆ ಎರಡು ಸಲ ಕತ್ತರಿಯಿಂದ ತಟ್ಟಿದರೆ ಸಾಕು, ಕೈ ಒರೆಸಿಕೊಂಡು ಬಂದು ಅವಳ ಸಹಿಯ ಕೆಳಗೆ ಸಹಿ ಹಾಕಿ ಹೋಗುತ್ತಿದ್ದ. ಹೀಗೆ ಊರಿನ ಅರ್ಧ ಮದುವೆಗಳು ಒಂದು ಸೂಜಿ, ಒಂದು ಕೀಲಿಕೈಯ ಭರವಸೆಯ ಮೇಲೆ ನಡೆದಿದ್ದವು.

ಬೀಗದಣ್ಣ ಹನ್ನೊಂದು ವರ್ಷದಿಂದ ಬಸ್ ಡ್ರೈವರ್ ಒಬ್ಬನ ಜೊತೆ ಒಂದೇ ಮನೆಯಲ್ಲಿದ್ದ. ಬೀದಿಯವರು 'ಬಾಡಿಗೆ ಹಂಚಿಕೊಂಡಿದ್ದಾರೆ' ಎನ್ನುತ್ತಿದ್ದರು. ಸಾಕ್ಷಿಯಮ್ಮನಿಗೆ ಮಾತ್ರ ಡ್ರೈವರನ ಪ್ಯಾಂಟಿನ ಉದ್ದ ಸರಿಮಾಡುವ ಮೊದಲ ದಿನವೇ ಗೊತ್ತಾಗಿತ್ತು. ಡ್ರೈವರು ಅಳತೆ ಕೊಡುವಾಗ ಬೀಗದಣ್ಣ ಹೊರಗೆ ನಿಂತು, "ಇನ್ನೂ ಅರ್ಧ ಇಂಚು ಬಿಡಿ, ಒಗೆದ ಮೇಲೆ ಗಿಡ್ಡ ಆಗುತ್ತೆ" ಎಂದಿದ್ದ. ಬಾಡಿಗೆ ಹಂಚಿಕೊಂಡವರು ಒಬ್ಬರ ಪ್ಯಾಂಟಿನ ಅರ್ಧ ಇಂಚಿಗೆ ಇನ್ನೊಬ್ಬರು ತಲೆಕೆಡಿಸಿಕೊಳ್ಳುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಅವರಿಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯ ಮುಂದೆ ನಿಂತರು. ಬೀಗದಣ್ಣ ನೆಲ ನೋಡುತ್ತಾ ಗಂಟಲು ಸರಿಮಾಡಿಕೊಂಡ. "ಅಮ್ಮಾ... ಪರದೆ ಕೊಡ್ತೀರಾ?"

"ಯಾರಿಗೆ?"

"ನಮಗೇ."

ಅವಳು ಕನ್ನಡಕ ಮೇಲೆ ಸರಿಸಿ ಇಬ್ಬರನ್ನೂ ನೋಡಿದಳು. ಆಮೇಲೆ ಪರದೆ ತೆಗೆದುಕೊಟ್ಟಳು. ಇಷ್ಟು ಕೆಟ್ಟದಾಗಿ ಮಡಿಸಿದವರನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಡ್ರೈವರು ಸ್ಟಿಯರಿಂಗ್ ತಿರುಗಿಸುವವನಂತೆ ಎಳೆದ, ಬೀಗದಣ್ಣ ಗಾಬರಿಯಿಂದ ಕೈಬಿಟ್ಟ. ಇಬ್ಬರೂ ಒಟ್ಟಿಗೆ "ಸಾರಿ" ಎಂದರು. ಮತ್ತೆ ಒಟ್ಟಿಗೆ ಬಗ್ಗಿ ತಲೆಗೆ ತಲೆ ಹೊಡೆದುಕೊಂಡರು. ಕೊನೆಗೆ ಎಂಟಲ್ಲ, ಏಳೂವರೆ ಮಡಿಕೆಯಾಯಿತು.

"ಸಾಕು ಬಿಡ್ರಪ್ಪಾ, ಬಟ್ಟೆ ಹರಿಯುತ್ತೆ. ನಡೀರಿ, ಸಹಿ ಹಾಕ್ತೀನಿ" ಎಂದು ಅವಳು ಎದ್ದಳು.

ಎದುರಿನ ಕಚೇರಿಯ ರಿಜಿಸ್ಟ್ರಾರ್ ಸಾಹೇಬರು ಕೆಟ್ಟವರಲ್ಲ, ಹೆದರುಪುಕ್ಕಲರು ಅಷ್ಟೆ. ಅರ್ಜಿಯನ್ನು ನೋಡಿದವರೇ ಫ್ಯಾನಿನ ಕೆಳಗೂ ಬೆವರಿದರು. "ಇಲ್ಲಿ ವರ ಅಂತ ಒಂದು ಕಾಲಂ, ವಧು ಅಂತ ಒಂದು ಕಾಲಂ. ನೀವಿಬ್ಬರೂ ವರನ ಕಾಲಮಿನಲ್ಲೇ ಒತ್ತಿಕೊಂಡು ಬರೆದಿದ್ದೀರಲ್ರೀ! ಮದುವೆ ಅಂದ್ರೆ ಒಬ್ಬ ಗಂಡು, ಒಬ್ಬ ಹೆಣ್ಣು."

"ಎಲ್ಲಿ ಬರೆದಿದೆ ಸಾಹೇಬ್ರೇ?" ಸಾಕ್ಷಿಯಮ್ಮ ಕೇಳಿದಳು. ಅವಳಿಗೆ ತರ್ಕ ಮಾಡುವ ಉದ್ದೇಶವೇನೂ ಇರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ, ಕೇಳಿದಳು.

"ಕಾಯ್ದೆಯಲ್ಲಿ."

"ಒಂದ್ಸಲ ಓದಿ."

ಸಾಹೇಬರು ಕಪಾಟಿನಿಂದ ಕಾಯ್ದೆ ಪುಸ್ತಕ ತೆಗೆದು, ಧೂಳು ಊದಿ, ಪುಟ ತಿರುವಿದರು. ಇನ್ನೊಂದು ಸಲ ತಿರುವಿದರು. "ವಿವಾಹವಾಗಲು ಇಚ್ಛಿಸುವ ಉಭಯ ಪಕ್ಷಗಳು..." ಎಂದು ಓದಿ ನಿಂತರು.

"ಪಕ್ಷಗಳಾ? ಅವು ಕೂಡಿಕೊಳ್ಳೋದು ಚುನಾವಣೆ ಮುಗಿದ ಮೇಲಲ್ವಾ?"

"ಆ ಪಕ್ಷ ಅಲ್ಲಮ್ಮಾ. ಪಕ್ಷ ಅಂದ್ರೆ ಎರಡು ಕಡೆಯವರು."

"ಗಂಡೋ ಹೆಣ್ಣೋ?"

"ಬರೆದಿಲ್ಲ."

"ಬರೆಯದೇ ಇದ್ದದ್ದನ್ನ ನೀವು ಇಷ್ಟು ವರ್ಷ ಹೇಗೆ ಓದಿದ್ರಿ?"

ಸಾಹೇಬರು ಪುಸ್ತಕ ಮುಚ್ಚಿದರು. ಅರ್ಜಿಯನ್ನು ತಮ್ಮ ಬಳಿಯೇ ಇಟ್ಟುಕೊಂಡು ಅವರನ್ನು ವಾಪಸ್ಸು ಕಳಿಸಿದರು. ಆದರೆ ಮುಂದೆ ತಮ್ಮ ತಲೆಗೆ ಬರಬಾರದೆಂದು, ಮೇಲಧಿಕಾರಿಗಳಿಗೆ ಎರಡು ಸಾಲಿನ ಕಾಗದ ಬರೆದರು: 'ಮದುವೆ ಎಂದರೇನು ಎಂಬ ಬಗ್ಗೆ ಸ್ಪಷ್ಟೀಕರಣ ನೀಡಬೇಕಾಗಿ ಕೋರಿಕೆ.' ಆ ಕಾಗದ ಒಂದು ಮೇಜಿನಿಂದ ಮೇಲಿನ ಮೇಜಿಗೆ, ಅಲ್ಲಿಂದ ಇನ್ನೂ ಮೇಲಿನ ಮೇಜಿಗೆ ಹತ್ತಿತು. ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆನ್ನಲು ಯಾರಿಗೂ ಧೈರ್ಯವಿರಲಿಲ್ಲ. ಮೂರು ತಿಂಗಳಿಗೆ ಪತ್ರಿಕೆಯವರ ಕೈಗೆ ಸಿಕ್ಕಿತು. ಮೊದಲ ಪುಟದಲ್ಲೇ ದಪ್ಪಕ್ಷರ: 'ಮದುವೆ ಎಂದರೇನು? ಸರ್ಕಾರಕ್ಕೆ ಗೊತ್ತಿಲ್ಲ!'

ಅಲ್ಲಿಂದ ಶುರುವಾಯಿತು ನೋಡಿ. 'ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು' ಎಂದು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆಯಿರಿ ಎಂದು ಒಂದು ಗುಂಪು, 'ಇಬ್ಬರು ವಯಸ್ಕರು' ಎಂದು ಬರೆಯಿರಿ ಎಂದು ಇನ್ನೊಂದು ಗುಂಪು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಜನ ವಾದ ಮಾಡಿದರು. ಮದುವೆಯ ಪಾವಿತ್ರ್ಯದ ಬಗ್ಗೆ ಹೊರಗೆ ಒಂದು ಗಂಟೆ ಭಾಷಣ ಬಿಗಿದು ಮನೆಗೆ ಹೋದವರಿಗೆ, "ಮೊದಲು ಆ ತಟ್ಟೆ ತೊಳೆದಿಡಿ" ಎಂಬ ಉತ್ತರ ಸಿಕ್ಕಿದ್ದೂ ಉಂಟು. ಸಾಕ್ಷಿಯಮ್ಮನ ಗಂಡ ಲಿಫ್ಟ್ ಮೆಕ್ಯಾನಿಕ್. ಅವನಿಗೆ ಕಿವಿ ಸ್ವಲ್ಪ ಮಂದ, ಬೇಡದ ಮಾತಿಗಂತೂ ಪೂರ್ತಿ ಮಂದ. ಅವನು ಪತ್ರಿಕೆ ಮಡಿಸಿಟ್ಟು, "ನಲವತ್ತು ವರ್ಷ ಆದ್ರೂ ಇದೇನು ಅಂತ ನನಗೇ ತಿಳಿದಿಲ್ಲ, ಇವರು ಒಂದು ಸಾಲಿನಲ್ಲಿ ಬರೀತಾರಂತೆ" ಎಂದ.

ನಗುವಂಥದ್ದೇ ಎಲ್ಲವೂ ಆಗಲಿಲ್ಲ. ಬೀಗದಣ್ಣನ ಅಂಗಡಿಗೆ ಗಿರಾಕಿ ಕಡಿಮೆಯಾದರು. ಒಬ್ಬನಂತೂ ರಿಪೇರಿಗೆ ಕೊಟ್ಟಿದ್ದ ಬೀಗವನ್ನು ವಾಪಸ್ಸು ಕೇಳಿ, "ನನ್ನ ಮನೆ ಕೀಲಿಕೈ ನಿಮ್ಮಂಥವರ ಕೈಯಲ್ಲಿ ಇರೋದು ಬೇಡ" ಎಂದು ಎಲ್ಲರೆದುರಿಗೆ ಹೇಳಿಹೋದ. ಬೀಗದಣ್ಣ ಅವತ್ತು ಇಡೀ ದಿನ ಒಂದೇ ಕೀಲಿಕೈಯನ್ನು ಉಜ್ಜುತ್ತಾ, ಅದು ತಂತಿಯಷ್ಟು ತೆಳುವಾಗುವವರೆಗೂ ಉಜ್ಜುತ್ತಾ ಕೂತಿದ್ದ. ಗೋಡೆಯಾಚೆಯಿಂದ ಆ ಕಿರಕಿರ ಸದ್ದು ಸಾಕ್ಷಿಯಮ್ಮನಿಗೆ ಸಂಜೆಯವರೆಗೂ ಕೇಳುತ್ತಿತ್ತು. ಆ ಮಾತಾಡಿದವನ ಎರಡು ಪ್ಯಾಂಟು ಅವಳ ಬಳಿಯೇ ಇದ್ದವು. ಸೊಂಟ ಅಚ್ಚುಕಟ್ಟಾಗಿ ಸಡಿಲಮಾಡಿ ಕೊಟ್ಟಳು. ಜೊತೆಗೆ ನಾಲ್ಕೂ ಜೇಬಿನ ಬಾಯಿಯನ್ನು ಗಟ್ಟಿ ದಾರದಲ್ಲಿ ಹೊಲಿದುಬಿಟ್ಟಿದ್ದಳು. ಮರುದಿನ ಅವನು ಉರಿಯುತ್ತಾ ಬಂದಾಗ, "ಕೀಲಿಕೈ ಯಾರ ಕೈಗೂ ಸಿಗಬಾರದು ಅಂದ್ರಲ್ಲ, ಜೇಬೂ ಭದ್ರ ಇರಲಿ ಅಂತ" ಎಂದು ಮುಗ್ಧವಾಗಿ ಹೇಳಿದಳು.

ಜಗಳ ತಾರಕಕ್ಕೇರಿದಾಗ ಸರ್ಕಾರ ಒಂದು ಸಮಿತಿ ಮಾಡಿ, ಊರೂರಿಗೆ ಹೋಗಿ ಜನರ ಅಭಿಪ್ರಾಯ ಕೇಳಿಕೊಂಡು ಬನ್ನಿ ಎಂದಿತು. ಈ ಊರಿನ ವಿಚಾರಣೆ ಗ್ರಂಥಾಲಯದ ಮೂರನೇ ಮಹಡಿಯ ಸಭಾಂಗಣದಲ್ಲಿ ನಿಗದಿಯಾಯಿತು. ತಮಾಷೆಯೆಂದರೆ ಎರಡೂ ಗುಂಪಿನವರು ಸಾಕ್ಷಿಯಮ್ಮನನ್ನೇ ತಮ್ಮ ಕಡೆಯ ಸಾಕ್ಷಿಯೆಂದು ಕರೆದಿದ್ದರು. ಇಬ್ಬರು ವಯಸ್ಕರ ಕಡೆಯವರಿಗೆ, ಅವಳು ಬೀಗದಣ್ಣನ ಅರ್ಜಿಗೆ ಸಹಿ ಹಾಕಿದವಳು. ಗಂಡು-ಹೆಣ್ಣಿನ ಕಡೆಯವರಿಗೆ, ಕಂಡಕಂಡವರಿಗೆಲ್ಲ ಸಹಿ ಹಾಕದ ಕಟ್ಟುನಿಟ್ಟಿನ ಹೆಂಗಸು. ಈ ಎರಡನೆಯ ಕಡೆಯ ಮುಂದಾಳು ಒಬ್ಬ ನಿವೃತ್ತ ಮೇಷ್ಟ್ರು. ಊರಿನ ಮುಕ್ಕಾಲು ಮಂದಿಗೆ ಅಕ್ಷರ ಕಲಿಸಿದವರು, ಧ್ವನಿ ಎತ್ತದೆ ಮಾತಾಡುವವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

ವಿಚಾರಣೆಯ ದಿನ ಲಿಫ್ಟ್ ಕೆಟ್ಟಿತ್ತು. ಅದನ್ನು ಸರಿಮಾಡಲು ಕರೆದದ್ದು ಸಾಕ್ಷಿಯಮ್ಮನ ಗಂಡನನ್ನೇ. ಸಮಿತಿಯ ಅಧ್ಯಕ್ಷೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಕೂತರು. ಅವರ ಪಕ್ಕದಲ್ಲಿ ಕಾನೂನು ಕಾರ್ಯದರ್ಶಿ, ದಪ್ಪ ಕನ್ನಡಕದ ಸಣ್ಣ ಮನುಷ್ಯ.

"ಮದುವೆ ಅಂದ್ರೆ ಏನು ಅಂತ ನಿಮ್ಮ ಅನುಭವದಲ್ಲಿ ಹೇಳಿ" ಎಂದು ಅಧ್ಯಕ್ಷೆ ಕೇಳಿದರು.

"ಅದು ಗೊತ್ತಿದ್ದಿದ್ರೆ ನಾನು ಹರಿದ ಪ್ಯಾಂಟ್ ಮುಂದಿಟ್ಟುಕೊಂಡು ಕೂತಿರ್ತಿದ್ದೆನಾ ತಾಯಿ?"

ಸಭೆ ನಕ್ಕಿತು. ಮೇಷ್ಟ್ರು ಎದ್ದು ನಿಂತರು. "ಅಷ್ಟೊಂದು ಕಷ್ಟದ ಪ್ರಶ್ನೆ ಅಲ್ಲ ಅಮ್ಮಾ. ಒಂದು ಸಂಸಾರ, ಮಕ್ಕಳು. ಅದಕ್ಕೋಸ್ಕರ ಇರೋದು ಮದುವೆ."

"ನಮಗೆ ಮಕ್ಕಳಾಗಲಿಲ್ಲ ಮೇಷ್ಟ್ರೇ."

ಮೇಷ್ಟ್ರ ಮುಖ ಕೆಂಪಾಯಿತು. "ತಪ್ಪಾಯ್ತಮ್ಮಾ. ನನ್ನ ಮಾತಿನ ಅರ್ಥ ಅದಲ್ಲ."

"ಬಿಡಿ, ಅದರಲ್ಲೇನಿದೆ. ಊರಿನ ಮಕ್ಕಳ ಜಿಪ್ಪೆಲ್ಲ ನಾನೇ ಹಾಕಿದ್ದು."

ಮೇಷ್ಟ್ರು ಕೂರಲಿಲ್ಲ. ಸ್ವಲ್ಪ ಹೊತ್ತು ಮೇಜಿನ ಅಂಚು ಸವರಿ, ಮೆಲ್ಲಗೆ ಹೇಳಿದರು. "ನನಗೆ ಯಾರ ಮೇಲೂ ದ್ವೇಷ ಇಲ್ಲ. ನನ್ನವಳು ಹೋದ ಮೇಲೆ ನನ್ನ ಹತ್ತಿರ ಉಳಿದಿರೋದು ಆ ಒಂದು ಪದ. ಅವಳ ಗಂಡ ಅನ್ನೋದು. ಅದನ್ನ ಹಿಗ್ಗಿಸಿ ಹಿಗ್ಗಿಸಿ ಎಲ್ಲರಿಗೂ ತೊಡಿಸಿದರೆ, ನಮ್ಮದು ತೆಳುವಾಗಿಬಿಡುತ್ತೆ ಅಂತ ಭಯ."

ಮೇಷ್ಟ್ರ ಕೋಟಿನ ಮೇಲಿನ ಗುಂಡಿ ಬೇರೆ ಬಣ್ಣದ ದಾರದಲ್ಲಿ, ಅಡ್ಡಾದಿಡ್ಡಿಯಾಗಿ ಹೊಲಿದಿರುವುದು ಸಾಕ್ಷಿಯಮ್ಮನ ಕಣ್ಣಿಗೆ ಬಿದ್ದಿತ್ತು. ತಾವೇ ಹೊಲಿದುಕೊಂಡಿದ್ದರು. "ಹಾಗಲ್ಲ ಮೇಷ್ಟ್ರೇ" ಎಂದಳು, "ಒಳ್ಳೇ ದರ್ಜಿ ಹೊಲಿಗೆಯ ಒಳಗಡೆ ಎರಡು ಇಂಚು ಬಟ್ಟೆ ಬಿಟ್ಟಿರ್ತಾನೆ. ಮುಂದೆ ಬೇಕಾದ್ರೆ ಬಿಚ್ಚಿ ಅಗಲ ಮಾಡಬಹುದು. ಬಟ್ಟೆ ಹಿಗ್ಗಲ್ಲ, ತೆಳೂ ಆಗಲ್ಲ. ಅದು ಮೊದಲಿಂದ ಅಲ್ಲೇ ಇರುತ್ತೆ."

"ಕಾಯ್ದೆ ಪ್ಯಾಂಟಲ್ಲಮ್ಮಾ."

"ಗೊತ್ತು. ಪ್ಯಾಂಟಾಗಿದ್ರೆ ಸಂಜೆಗೆ ಕೊಟ್ಟುಬಿಡ್ತಿದ್ದೆ."

ಈ ಸಲ ಅಧ್ಯಕ್ಷೆಯೂ ನಕ್ಕರು. ನಗದೆ ಉಳಿದವರು ಕಾನೂನು ಕಾರ್ಯದರ್ಶಿಯೊಬ್ಬರೇ. ಅವರು ಸಾಕ್ಷಿಯಮ್ಮ ತುಂಬಿಕೊಟ್ಟ ನಮೂನೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು. "ಇಲ್ಲಿ ವಿವಾಹಿತೆ ಅಂತ ಬರೆದಿದ್ದೀರಿ. ಪ್ರಮಾಣಪತ್ರದ ಸಂಖ್ಯೆ ಬರೆದಿಲ್ಲ."

"ಯಾವ ಪ್ರಮಾಣಪತ್ರ?"

"ನಿಮ್ಮ ಮದುವೆಯದು."

ನಲವತ್ತು ವರ್ಷದ ಹಿಂದೆ ಅವಳೂ ಗಂಡನೂ ಎರಡೂ ಮನೆಯವರಿಗೆ ಹೇಳಿ, ಎಲ್ಲರ ಜೊತೆ ಕೂತು ಊಟ ಮಾಡಿ, ಒಂದು ಕೋಣೆ ಹಿಡಿದು ಸಂಸಾರ ಹೂಡಿದ್ದರು. "ಸೋಮವಾರ ಹೋಗಿ ನೋಂದಣಿ ಮಾಡಿಸೋಣ ಅಂತಿದ್ವಿ ಸ್ವಾಮಿ" ಎಂದಳು. "ಸೋಮವಾರ ಯಾವುದೋ ಹೋಟೆಲಿನ ಲಿಫ್ಟ್ ನಿಂತುಹೋಯ್ತು ಅಂತ ಇವರನ್ನ ಕರೆದ್ರು. ಮುಂದಿನ ಸೋಮವಾರ ನನಗೆ ಜ್ವರ. ಆಮೇಲೆ... ಆಮೇಲೆ ಮರೆತೇಹೋಯ್ತು."

"ಹಾಗಾದ್ರೆ ಕಾನೂನಿನ ಕಣ್ಣಲ್ಲಿ ನಿಮಗೆ ಮದುವೆಯಾಗಿಲ್ಲ."

ಅದೇ ಹೊತ್ತಿಗೆ ಲಿಫ್ಟ್ ಸರಿಯಾಗಿ, ಬಾಗಿಲು ತೆರೆದುಕೊಂಡು, ಕೈತುಂಬ ಗ್ರೀಸ್ ಮೆತ್ತಿಕೊಂಡ ಅವಳ ಗಂಡ ಹೊರಬಂದ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, "ಏನಂತೆ?" ಎಂದು ಕೂಗಿ ಕೇಳಿದ.

"ನಮಗೆ ಮದುವೆಯೇ ಆಗಿಲ್ವಂತೆ ಕಣ್ರೀ!" ಅವಳೂ ಕೂಗಿ ಹೇಳಿದಳು.

ಅವನು ಕೈ ಒರೆಸಿಕೊಳ್ಳುತ್ತಾ ಯೋಚಿಸಿದ. "ಹಾಗಾದ್ರೆ ನಲವತ್ತು ವರ್ಷ ನಾನು ಯಾರ ಹತ್ತಿರ ಬೈಸಿಕೊಂಡೆ?"

ಸಭೆ ಸುಮ್ಮನಾಗಲು ಐದು ನಿಮಿಷ ಬೇಕಾಯಿತು. ಎಲ್ಲರಿಗೂ ನಗು, ಸಾಕ್ಷಿಯಮ್ಮನಿಗೆ ಮಾತ್ರ ಒಳಗೆಲ್ಲೋ ಸಣ್ಣಗೆ ಚುಚ್ಚಿತು. ಒಂದು ಕಾಗದದ ಸಂಖ್ಯೆಯಿಲ್ಲವೆಂದು ತನ್ನ ನಲವತ್ತು ವರ್ಷವನ್ನು ಯಾರೋ ಹೊಡೆದುಹಾಕುವುದು ಹೇಗಿರುತ್ತದೆಂದು ಅವಳಿಗೆ ಇದೇ ಮೊದಲ ಸಲ ತಿಳಿದದ್ದು. ಹಿಂದಿನ ಸಾಲಿನಲ್ಲಿ ಕೂತಿದ್ದ ಬೀಗದಣ್ಣನ ಕಡೆ ನೋಡಿದಳು. ಅವನು ನಗುತ್ತಿರಲಿಲ್ಲ.

ಸಹಿ ಹಾಕುವ ಮೊದಲು ಪರೀಕ್ಷೆ ಮಾಡುತ್ತೀರಂತಲ್ಲ, ಏನದು ತೋರಿಸಿ ಎಂದು ಅಧ್ಯಕ್ಷೆ ಕೇಳಿದರು. ಸಾಕ್ಷಿಯಮ್ಮ ಚೀಲದಿಂದ ಪರದೆ ತೆಗೆದು, ಒಂದು ತುದಿಯನ್ನು ಮೇಷ್ಟ್ರಿಗೆ, ಇನ್ನೊಂದನ್ನು ಬೀಗದಣ್ಣನಿಗೆ ಕೊಟ್ಟಳು. ಮೇಷ್ಟ್ರು ಹಿಂಜರಿದರು. ಆಮೇಲೆ ಬಟ್ಟೆ ಕೈಗೆ ಬಂದದ್ದೇ ಅವರ ಬೆರಳುಗಳು ತಾವಾಗಿ ಕೆಲಸ ಶುರುಮಾಡಿದವು. ಒಂದು ಸಲ ಕೊಡವಿ, ಗಾಳಿ ಹೋಗಲು ಬಿಟ್ಟು, ಅಂಚಿಗೆ ಅಂಚು ಕೂಡಿಸಿ, ಎರಡು ಹೆಜ್ಜೆ ಮುಂದೆ ಬಂದು ತಮ್ಮ ತುದಿಯನ್ನು ಬೀಗದಣ್ಣನ ಕೈಗೆ ಒಪ್ಪಿಸಿ, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಹಿಂದೆ ಸರಿದರು. ಯಾವತ್ತೂ ಎಡವುವ ಬೀಗದಣ್ಣನೂ ಅವರ ಲಯಕ್ಕೆ ಬಿದ್ದ. ಎಂಟು ಮಡಿಕೆ ಸರಿಯಾಗಿ ಮುಗಿದವು. ಮಡಿಸಿದ ಬಟ್ಟೆಯನ್ನು ಎದೆಗೊತ್ತಿಕೊಂಡು ಮೇಷ್ಟ್ರು ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟರು.

"ಇದರಿಂದ ಏನು ಸಾಬೀತಾಯ್ತು?" ಕಾನೂನು ಕಾರ್ಯದರ್ಶಿ ಕೇಳಿದರು.

"ಏನೂ ಇಲ್ಲ. ಮೇಷ್ಟ್ರು ಭಾನುವಾರ ಭಾನುವಾರ ಹೆಂಡತಿ ಜೊತೆ ಬೆಡ್‌ಶೀಟ್ ಮಡಿಸ್ತಿದ್ರು ಅಂತ ಗೊತ್ತಾಯ್ತು, ಅಷ್ಟೆ."

"ಶನಿವಾರ" ಎಂದರು ಮೇಷ್ಟ್ರು. ಕನ್ನಡಕ ಒರೆಸಿಕೊಂಡು, "ನನ್ನ ಅಭಿಪ್ರಾಯ ಬದಲಾಗಿಲ್ಲ" ಎಂದೂ ಸೇರಿಸಿದರು.

"ಬದಲಾಯಿಸಿ ಅಂತ ನಾನು ಅಂದೆನಾ? ಆ ಗುಂಡಿ ಮಾತ್ರ ಬದಲಾಯಿಸಿಕೊಳ್ಳಿ. ನಾಳೆ ಅಂಗಡಿಗೆ ತನ್ನಿ."

ಸಮಿತಿ ಮುಂದಿನ ಊರಿಗೆ ಹೋಯಿತು. ಸಾಕ್ಷಿಯಮ್ಮನಿಗೆ ಮದುವೆಯಾಗಿಲ್ಲವಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಅವಳ ಅಕ್ಕ ದೂರದೂರಿನಿಂದ ಫೋನು ಮಾಡಿ, "ಏನೇ ಇದು, ಇಷ್ಟು ವರ್ಷ ಹಾಗೇ ಇದ್ದೆಯಾ?" ಎಂದು ಅತ್ತಂತೆ ಮಾಡಿ ನಕ್ಕಳು. ಮೊದಮೊದಲು ಚುಚ್ಚಿದ್ದು ಎರಡು ದಿನ ಕಳೆಯುವಷ್ಟರಲ್ಲಿ ಸಾಕ್ಷಿಯಮ್ಮನಿಗೆ ರುಚಿಸತೊಡಗಿತು. ಬೆಳಿಗ್ಗೆ ಗಂಡ ಬನಿಯನ್ನಿನಲ್ಲಿ ಓಡಾಡುತ್ತಿದ್ದರೆ, "ಮದುವೆಯಾಗದ ಹೆಂಗಸು ಇರೋ ಮನೆ, ಸ್ವಲ್ಪ ಮರ್ಯಾದೆಯಾಗಿ ಅಂಗಿ ಹಾಕ್ಕೊಳ್ಳಿ" ಎನ್ನುವಳು. ಟೀ ಕೇಳಿದರೆ, "ಪರಿಚಯ ಇಲ್ಲದವರಿಗೆಲ್ಲ ಟೀ ಮಾಡಿಕೊಡೋ ಅಭ್ಯಾಸ ನನಗಿಲ್ಲ" ಎನ್ನುವಳು. ಸೋಮವಾರ ನೋಂದಣಿ ಮಾಡಿಸಿಬಿಡೋಣ ಎಂದು ಅವನು ಹೇಳಿದ್ದಕ್ಕೆ, "ನನ್ನನ್ನ ಕೇಳಿದ್ರಾ? ನಲವತ್ತು ವರ್ಷದಲ್ಲಿ ಒಂದು ಸಲನಾದ್ರೂ ಬಾಯಿಬಿಟ್ಟು ಕೇಳಿದ್ರಾ?" ಎಂದು ಮುಖ ತಿರುಗಿಸಿದಳು.

ಅವನು ಒಂದು ವಾರ ಸುಮ್ಮನಿದ್ದ. ಎಂಟನೆಯ ದಿನ, ಗ್ರಂಥಾಲಯದ ಲಿಫ್ಟಿಗೆ ಹೊಸ ಬೆಲ್ಟ್ ಹಾಕಿದ್ದೇನೆ, ಬಂದು ನೋಡು ಎಂದು ಕರೆದೊಯ್ದ. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟ್ ಗಕ್ಕನೆ ನಿಂತಿತು. "ಕೆಟ್ಟುಹೋಯ್ತಾ?" ಎಂದಳು. "ಇಲ್ಲ. ನಾನೇ ನಿಲ್ಲಿಸಿದ್ದು. ನನ್ನನ್ನ ಮದುವೆ ಆಗ್ತೀಯಾ ಹೇಳು, ಆಮೇಲೆ ಬಿಡ್ತೀನಿ" ಎಂದ ಅವನು, ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ.

"ಬಲವಂತದ ಒಪ್ಪಿಗೆ ಕಾಯ್ದೆಯಲ್ಲಿ ನಡೆಯಲ್ಲ. ಇಪ್ಪತ್ತೆರಡು ವರ್ಷ ಸಾಕ್ಷಿ ಹಾಕಿದೀನಿ, ನನಗೆ ಗೊತ್ತು. ಮೊದಲು ಲಿಫ್ಟ್ ಬಿಡಿ."

ಅವನು ಬಿಟ್ಟ. ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಅವಳು ಹೊರಗೆ ಬಂದು, ಸೀರೆ ಸರಿಮಾಡಿಕೊಂಡು, ಅತ್ತಿತ್ತ ನೋಡಿ, "ಹೂಂ" ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಪುಸ್ತಕ ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡುವಷ್ಟು ಜೋರಾಗಿ ಹೇಳಬೇಕಾಯಿತು.

ಅವರ ನೋಂದಣಿಗೆ ಸಾಕ್ಷಿ ಹಾಕಿದವರು ಬೀಗದಣ್ಣ ಮತ್ತು ಡ್ರೈವರು. ಸಹಿ ಮಾಡುವ ಮೊದಲು ಬೀಗದಣ್ಣ ಗಂಭೀರವಾಗಿ ಪರದೆ ತಂದು ಮುಂದಿಟ್ಟ. "ನಿಯಮ ಅಂದ್ರೆ ನಿಯಮ ಅಮ್ಮಾ." ಗಂಡಹೆಂಡಿರು ಅದನ್ನು ಮಡಿಸುವಷ್ಟರಲ್ಲಿ ಮೂರು ಸಲ ಜಗಳವಾಡಿದರು. ರಿಜಿಸ್ಟ್ರಾರ್ ಸಾಹೇಬರು ನಾಲ್ಕು ಸಹಿಗಳನ್ನೂ ನೋಡಿ, ಯಾರಿಗೂ ಕೇಳಿಸದಂತೆ, "ಮದುವೆಯಾಗೋಕೆ ಅರ್ಹತೆ ಇಲ್ಲದವರು ಮದುವೆಗೆ ಸಾಕ್ಷಿ ಹಾಕಬಹುದು. ಇದು ಯಾವ ನ್ಯಾಯವೋ" ಎಂದು ಗೊಣಗಿಕೊಂಡರು. ಬೀಗದಣ್ಣನಿಗೆ ಕೇಳಿಸಿತ್ತು. ಕಣ್ಣೆತ್ತಿ ನೋಡಿ, ಮತ್ತೆ ತಗ್ಗಿಸಿದ.

ಮುಂದಿನ ವರ್ಷ ಮಸೂದೆ ಮತಕ್ಕೆ ಬಂತು. ಆರು ಮತಗಳ ಅಂತರದಲ್ಲಿ 'ಇಬ್ಬರು ವಯಸ್ಕರು' ಗೆದ್ದಿತು. ಸಾಕ್ಷಿಯಮ್ಮ ಗೋಡೆಗೆ ಕತ್ತರಿಯಿಂದ ತಟ್ಟಿ ತಟ್ಟಿ ಸುಣ್ಣವೇ ಉದುರಿಹೋಯಿತು. ಬೀಗದಣ್ಣ ಬಂದು ನಿಂತ. ಮುಖ ಸಪ್ಪಗಿತ್ತು.

"ಯಾವತ್ತು ಇಟ್ಟುಕೊಳ್ಳೋಣ?" ಎಂದಳು.

"ಅವಸರ ಏನಿದೆ ಅಮ್ಮಾ? ಹೇಳಿಕೇಳಿ ಮದುವೆ. ಸ್ವಲ್ಪ ಯೋಚನೆ ಮಾಡಿ..."

ಸಾಕ್ಷಿಯಮ್ಮ ಕತ್ತರಿ ಕೆಳಗಿಟ್ಟಳು. "ನೀನು ಒಂದು ಅರ್ಜಿ ಕೊಟ್ಟು ಸರ್ಕಾರವನ್ನೇ ತಲೆಕೆಳಗು ಮಾಡಿದೆ. ನಿನ್ನಿಂದ ಆ ಸಾಹೇಬರಿಗೆ ಬಿಪಿ ಬಂತು, ನನಗೆ ಈ ವಯಸ್ಸಲ್ಲಿ ಮದುವೆಯಾಯ್ತು. ಈಗ ಯೋಚನೆ ಮಾಡ್ತಾನಂತೆ!"

ಡ್ರೈವರು ಎರಡು ವಾರ ಅವನೊಂದಿಗೆ ಮಾತು ಬಿಟ್ಟ. ಮನೆಯಲ್ಲಿ ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ಸಾಕ್ಷಿಯಮ್ಮನ ಮೂಲಕ ಹೇಳಿಕಳಿಸುತ್ತಿದ್ದರು. "ಗ್ಯಾಸ್ ಮುಗಿದಿದೆ ಅಂತ ಅವನಿಗೆ ಹೇಳಿ." "ತಂದಿಟ್ಟಾಗಿದೆ ಅಂತ ಅವನಿಗೆ ಹೇಳಿ." ಒಂದು ಮಧ್ಯಾಹ್ನ ಬೀಗದಣ್ಣ ಕೊನೆಗೂ ಮನಸ್ಸಿನೊಳಗಿದ್ದುದನ್ನು ಹೊರಹಾಕಿದ. "ಇಷ್ಟು ವರ್ಷ ಯಾವ ಹೆಸರೂ ಇಲ್ಲದೆ ಚೆನ್ನಾಗಿದ್ವಿ ಅಮ್ಮಾ. ನಾಳೆ ಗಂಡ ಅಂತಾದ ಮೇಲೆ, ನಾನು ನಿಜವಾಗ್ಲೂ ಗಂಡಂದಿರ ಥರ ಆಗಿಬಿಟ್ರೆ?"

"ಆಗ್ತೀಯ" ಎಂದಳು ಅವಳು. "ಆಗದೆ ಏನು? ಟವೆಲ್ ಹಾಸಿಗೆ ಮೇಲೆ ಎಸೀತೀಯ, ಕೇಳಿದ್ದಕ್ಕೆ ಉತ್ತರ ಕೊಡಲ್ಲ. ಅವನೂ ಹಾಗೇ ಆಗ್ತಾನೆ. ನಿಮ್ಮ ಮನೇಲಿ ಇಬ್ಬರು ಗಂಡಂದಿರು, ಅದು ನಿಮ್ಮ ಹಣೆಬರಹ. ಹೋಗಿ ಅವನನ್ನ ಕರ್ಕೊಂಡು ಬಾ."

ಅವನು ಹೋಗಿ ಕರೆದುಕೊಂಡೇ ಬಂದ. ಆ ಹೊತ್ತಿಗೆ ಮೇಷ್ಟ್ರು ಅಂಗಡಿಯಲ್ಲಿದ್ದರು. ಗುಂಡಿಯ ದಿನದಿಂದ ಅವರು ವಾರಕ್ಕೊಮ್ಮೆ ಏನಾದರೂ ಒಂದು ನೆಪ ಹಿಡಿದು ಬಂದು, ಮದುವೆಯ ವ್ಯಾಖ್ಯೆಯ ಬಗ್ಗೆ ಸಾಕ್ಷಿಯಮ್ಮನ ಜೊತೆ ಜಗಳವಾಡಿ, ಟೀ ಕುಡಿದು ಹೋಗುತ್ತಿದ್ದರು. ಎರಡನೆಯ ಸಾಕ್ಷಿ ಬೇಕು, ಬರುತ್ತೀರಾ ಎಂದು ಅವಳು ಕೇಳಿದಳು. ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.

"ನನ್ನ ಸಹಿ ಬೇಡಮ್ಮಾ. ಮನಸ್ಸು ಒಪ್ಪದೆ ಹಾಕಿದ್ರೆ ಅದು ಸುಳ್ಳಾಗುತ್ತೆ" ಎಂದರು. ಆಮೇಲೆ ಹೊಲಿಗೆ ಯಂತ್ರದ ಮುಂದಿನ ಸ್ಟೂಲ್ ಎಳೆದು ಕೂತರು. "ನೀವು ಹೋಗಿ ಬನ್ನಿ. ಅಂಗಡಿ ನಾನು ನೋಡ್ಕೋತೀನಿ."

ಹಾಗಾಗಿ ಎರಡನೆಯ ಸಾಕ್ಷಿಯಾಗಿ ಸಾಕ್ಷಿಯಮ್ಮನ ಗಂಡನೇ ಬರಬೇಕಾಯಿತು. ಹೊಸ ನಮೂನೆಯಲ್ಲಿ ವರನೂ ಇಲ್ಲ, ವಧುವೂ ಇಲ್ಲ. 'ಮೊದಲನೆಯವರು', 'ಎರಡನೆಯವರು' ಎಂದು ಎರಡು ಕಾಲಂ. ಮೊದಲನೆಯವರು ಯಾರೆಂದು ಡ್ರೈವರಿಗೂ ಬೀಗದಣ್ಣನಿಗೂ ಹತ್ತು ನಿಮಿಷ ವಾದವಾಯಿತು. ವಯಸ್ಸಿನಲ್ಲಿ ನಾನು ದೊಡ್ಡವನು ಎಂದ ಒಬ್ಬ, ಮದುವೆಯಾಗೋಣ ಅಂತ ಕೇಳಿದ್ದು ನಾನು ಎಂದ ಇನ್ನೊಬ್ಬ. ಡ್ರೈವರು ಮೊದಲನೆಯವರ ಕಾಲಮಿನಲ್ಲಿ ಸಹಿ ಹಾಕಿಯೇಬಿಟ್ಟ. ಈ ಗಲಾಟೆಯಲ್ಲಿ ಸಾಕ್ಷಿಯಮ್ಮನ ಗಂಡ, ಕನ್ನಡಕ ಮರೆತುಬಂದಿದ್ದವನು, ಖಾಲಿ ಕಂಡ ಜಾಗದಲ್ಲಿ ತನ್ನ ಸಹಿ ಗೀಚಿ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟ.

ರಿಜಿಸ್ಟ್ರಾರ್ ಸಾಹೇಬರು ಕಾಗದ ತಿರುಗಿಸಿ ನೋಡಿ ತಲೆಯ ಮೇಲೆ ಕೈಹೊತ್ತರು. "ಏನ್ರೀ ಮಾಡಿದ್ರಿ? ಇದು ಎರಡನೆಯವರ ಕಾಲಂ! ಇದರ ಪ್ರಕಾರ ಈಗ ನೀವು ಡ್ರೈವರನ್ನ ಮದುವೆಯಾಗ್ತಿದ್ದೀರಿ!"

"ಏನಂತೆ?" ಎಂದ ಅವನು.

"ನಿಮಗೆ ಇನ್ನೊಂದು ಮದುವೆಯಂತೆ" ಎಂದಳು ಸಾಕ್ಷಿಯಮ್ಮ.

"ಬೇಡಪ್ಪಾ. ಒಂದಕ್ಕೇ ನಲವತ್ತು ವರ್ಷ ಹಿಡೀತು."

ನಗುವುದೋ ಬೈಯುವುದೋ ತಿಳಿಯದೆ ಸಾಹೇಬರು ಆ ಕಾಗದ ಹರಿದುಹಾಕಿ, ಹೊಸ ನಮೂನೆ ತೆಗೆದು, ಸಹಿ ಹಾಕುವ ಜಾಗಕ್ಕೆಲ್ಲ ತಾವೇ ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟರು. ಈ ಸಲ ಡ್ರೈವರು ಮೊದಲ ಕಾಲಮನ್ನು ಬೀಗದಣ್ಣನಿಗೆ ಬಿಟ್ಟುಕೊಟ್ಟ. ಬೀಗದಣ್ಣ ಸಹಿ ಹಾಕುವಾಗ ಅಕ್ಷರ ಗೆರೆ ದಾಟಿತು. ಇಷ್ಟು ವರ್ಷ ಬೇರೆಯವರ ಮದುವೆಗೆ ಹಾಕಿದ ಅಷ್ಟೂ ಸಹಿಗಳಲ್ಲಿ ಹಾಗಾಗಿರಲಿಲ್ಲ. ಸಾಹೇಬರು ಮೊಹರು ಒತ್ತಿ, ಎದ್ದು ನಿಂತು, ಇಬ್ಬರ ಕೈಯನ್ನೂ ಕುಲುಕಿದರು.

ಅವರೆಲ್ಲ ರಸ್ತೆ ದಾಟಿ ವಾಪಸ್ಸು ಬಂದಾಗ ಅಂಗಡಿಯ ಮುಂದೆ ಒಬ್ಬ ಹೆಂಗಸು ಕೋಟೊಂದನ್ನು ಹಿಡಿದು ತಬ್ಬಿಬ್ಬಾಗಿ ನಿಂತಿದ್ದಳು. ಒಳಗೆ ಮೇಷ್ಟ್ರು ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಅವಳು ಬರೆದುಕೊಟ್ಟ ಚೀಟಿಯಲ್ಲಿನ ಕಾಗುಣಿತ ತಿದ್ದುತ್ತಿದ್ದರು.

"ತೋಳು ಎಷ್ಟು ಗಿಡ್ಡ ಮಾಡಬೇಕು ಅಂತ ಕೇಳಿದ್ರಾ?" ಸಾಕ್ಷಿಯಮ್ಮ ಕೇಳಿದಳು.

"ಇನ್ನೂ ಅಲ್ಲಿಗೆ ಬಂದಿಲ್ಲ" ಎಂದರು ಮೇಷ್ಟ್ರು. ಆಮೇಲೆ ಬೀಗದಣ್ಣನ ಕಡೆ ತಿರುಗಿ, ಸ್ವಲ್ಪ ಬಿಗುವಾಗಿಯೇ, "ಮುಗೀತೇನಪ್ಪಾ?" ಎಂದು ಕೇಳಿದರು.

"ಮುಗೀತು ಮೇಷ್ಟ್ರೇ."

"ಸರಿ, ಕೂತ್ಕೊಳ್ಳಿ. ಟೀಗೆ ಹೇಳಿದೀನಿ." ಕೂರಲು ಅಲ್ಲಿ ಜಾಗವಿರಲಿಲ್ಲ. ಎಲ್ಲರೂ ನಿಂತೇ ಕುಡಿದರು, ಕೋಟಿನ ಹೆಂಗಸೂ ಸೇರಿ.